ಕೊಯ್ಲಿನ ದಿನ ರಾತ್ರಿ ಸ್ಟೇರಿಂಗ್ ಹಿಡಿಯೋದು ಯಾರು?

ಈ ವಾರ ಬೆಳೆ, ಗೊಬ್ಬರ, ಹುಳ ಯಾವುದರ ಬಗ್ಗೆಯೂ ಬರೀತಿಲ್ಲ. ಬೆಳೆದದ್ದನ್ನ ಗಾಡಿಗೆ ತುಂಬಿಕೊಂಡು ರಾತ್ರೋರಾತ್ರಿ ಮಾರ್ಕೆಟ್‌ಗೆ ಹೊರಡ್ತೀವಲ್ಲ, ಆ ದಾರಿ ಬಗ್ಗೆ ಬರೀತಿದ್ದೀನಿ. ನಮ್ಮ ಕಡೆ ಈಗ ಸುಮಾರು ಹುಡುಗರು ಸಾಲ ಮಾಡಿ ಸ್ವಂತ ಪಿಕಪ್ಪೋ ಕ್ಯಾಂಟರೋ ತಗೊಂಡಿದ್ದಾರೆ. ಬಾಡಿಗೆ ಉಳಿಯುತ್ತೆ, ಅಕ್ಕಪಕ್ಕದವರ ಮಾಲೂ ಹಾಕ್ಕೊಂಡು ಹೋದ್ರೆ ಕಂತು ಕಟ್ಟಬಹುದು ಅನ್ನೋ ಲೆಕ್ಕ. ಲೆಕ್ಕ ಸರಿಯಾಗೇ ಇದೆ. ಆದ್ರೆ ಅದರಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ: ಗಾಡಿ ಓಡಿಸೋನ ನಿದ್ದೆ.

ಮುಳಬಾಗಿಲು ಕಡೆಯ ಒಂದು ಬೀನ್ಸ್ ಕೊಯ್ಲಿನ ದಿನ ತಗೊಳ್ಳಿ. ಬೆಳಗ್ಗೆ 5ಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, 7ರ ಹೊತ್ತಿಗೆ ಕೂಲಿಯವರ ಜೊತೆ ತೋಟಕ್ಕೆ. ಮಧ್ಯಾಹ್ನದವರೆಗೂ ಕೊಯ್ಲು. ಆಮೇಲೆ ನೆರಳಲ್ಲಿ ಹರವಿ ಆರಿಸೋದು, ಮೂಟೆ ಕಟ್ಟೋದು, ತೂಕ, ಸಂಜೆ ಮತ್ತೆ ಹಾಲು. 9ಕ್ಕೆ ಲೋಡು ಮುಗೀತು, ಊಟ ಮಾಡಿ ಸ್ವಲ್ಪ ಒರಗೋಣ ಅಂದ್ರೆ ಆವತ್ತು ರಾತ್ರಿ ಪಾಳಿ ತ್ರೀ ಫೇಸ್ ಕರೆಂಟು. ಟಾರ್ಚ್ ಹಿಡಿದು ಗೇಟ್‌ವಾಲ್ ತಿರುಗಿಸೋಕೆ ಹೋಗಬೇಕು. ರಾತ್ರಿ 1ಕ್ಕೆ ಗಾಡಿ ಸ್ಟಾರ್ಟ್. ಕಲಾಸಿಪಾಳ್ಯಕ್ಕೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಸ್ಟೇರಿಂಗ್ ಹಿಡಿಯೋ ಹೊತ್ತಿಗೆ ಆ ಹುಡುಗ ಎದ್ದು 20 ಗಂಟೆ ಆಗಿರುತ್ತೆ.

ಆ 20 ಗಂಟೆ ಅಂದ್ರೆ ಏನು ಅಂತ ಅಳೆದು ನೋಡಿದ್ದಾರೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದಷ್ಟು ಜನರನ್ನ ಒಂದು ದಿನ ನಿದ್ದೆ ಇಲ್ಲದೆ ಇರಿಸಿ, ಇನ್ನೊಂದು ದಿನ ಕುಡಿಸಿ, ಎರಡೂ ಸಲ ಒಂದೇ ಪರೀಕ್ಷೆ ಕೊಟ್ಟರು. 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಚುರುಕು, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವನ ಮಟ್ಟಕ್ಕೆ ಇಳಿದಿತ್ತು. 24 ಗಂಟೆಗೆ 100 ಮಿಲಿಗ್ರಾಂ ಮಟ್ಟ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಇರೋ ಮಿತಿ 30 ಮಿಲಿಗ್ರಾಂ. ಅಂದ್ರೆ ಒಂದು ತೊಟ್ಟೂ ಕುಡಿಯದ ನಮ್ಮ ಹುಡುಗ, ಕುಡಿದು ಓಡಿಸಿ ಕೇಸು ಹಾಕಿಸಿಕೊಳ್ಳೋನಿಗಿಂತ ಕೆಟ್ಟ ಸ್ಥಿತಿಯಲ್ಲಿ ಹೈವೇಗೆ ಹತ್ತಿದ್ದಾನೆ. ಕುಡಿದವನಿಗೆ ಪೊಲೀಸರು ಊದಿಸಿ ನೋಡ್ತಾರೆ. ನಿದ್ದೆಗೆಟ್ಟವನಿಗೆ ಅಂಥ ಮಷಿನ್ ಇಲ್ಲ, "ಪಾಪ, ಕಷ್ಟಪಡ್ತಾನೆ" ಅಂತ ಎಲ್ಲರೂ ಹೊಗಳ್ತಾರೆ.

ಇದರ ಮೇಲೆ ಹೊತ್ತು ಬೇರೆ. ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ ಮೈಯೊಳಗಿನ ಗಡಿಯಾರ ಮಲಗು ಅಂತಾನೇ ಹೇಳ್ತಿರುತ್ತೆ. ಮೈ ಬಿಸಿ ಇಳಿಯುತ್ತೆ, ಗಮನ ಕುಗ್ಗುತ್ತೆ. ಮಧ್ಯಾಹ್ನ ಊಟ ಆದ ಮೇಲೆ ಇನ್ನೊಂದು ಸಣ್ಣ ಇಳಿತ. ತರಕಾರಿ ಮಾರ್ಕೆಟ್ ನಡೆಯೋದು ಸರಿಯಾಗಿ ಆ ಮೊದಲನೇ ಹೊತ್ತಲ್ಲಿ. ಅದನ್ನ ನಾವು ಬದಲಾಯಿಸೋಕಾಗಲ್ಲ, ಹೊತ್ತು ಹುಟ್ಟಿದ ಮೇಲೆ ಹೋದ್ರೆ ಮಾಲು ಕೇಳೋರಿಲ್ಲ.

ಆ ಹೊತ್ತಲ್ಲಿ ಬರೋ ಜೊಂಪು ಮೂರು ನಾಲ್ಕು ಸೆಕೆಂಡಿನದು. ಕೆಲವು ಸಲ ಕಣ್ಣು ತೆರೆದೇ ಇರುತ್ತೆ, ಮಿದುಳು ಮಾತ್ರ ಮಲಗಿರುತ್ತೆ. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರ್ ದಾಟಿ ಓಡುತ್ತೆ. ನಾಲ್ಕು ಸೆಕೆಂಡಿಗೆ 65 ಮೀಟರ್ ಮೇಲೆ. ಒಂದು ಉದ್ದನೆ ಟೊಮ್ಯಾಟೊ ಸಾಲನ್ನ ಈ ತುದಿಯಿಂದ ಆ ತುದಿಗೆ ಕಣ್ಣು ಮುಚ್ಚಿಕೊಂಡು ಲೋಡ್ ಗಾಡಿ ಓಡಿಸಿದ ಹಾಗೆ. ಎಚ್ಚರ ಇದ್ದೋನು ಕೊನೇ ಗಳಿಗೆಯಲ್ಲಾದ್ರೂ ಬ್ರೇಕ್ ತುಳೀತಾನೆ, ಪಕ್ಕಕ್ಕೆ ಎಳೀತಾನೆ. ನಿದ್ದೆಯಲ್ಲಿರೋನು ಎರಡೂ ಮಾಡಲ್ಲ. ಅದಕ್ಕೇ ಇಂಥ ಡಿಕ್ಕಿ ಪೂರ್ತಿ ವೇಗದಲ್ಲೇ ಆಗೋದು.

ನನ್ನದೇ ಒಂದು ಸಂಗತಿ ಹೇಳ್ತೀನಿ. ನಾಲ್ಕು ವರ್ಷದ ಹಿಂದೆ ಬೀನ್ಸ್ ಇಳಿಸಿ, ದುಡ್ಡು ಎಣಿಸಿಕೊಂಡು ವಾಪಸ್ ಬರ್ತಿದ್ದೆ. ಹೋಗುವಾಗ ಮಾಲು ತಲುಪಿಸಬೇಕು ಅನ್ನೋ ಟೆನ್ಷನ್ ಇತ್ತು, ಕಣ್ಣು ಎಳೀತಿದ್ರೂ ತಲುಪಿದ್ದೆ. ಬರುವಾಗ ಗಾಡಿ ಖಾಲಿ, ಮನಸ್ಸೂ ಖಾಲಿ. ಹೊಸಕೋಟೆಯಲ್ಲಿ ಬೆಳಗಿನ ಬಿರಿಯಾನಿ ಬೇರೆ ಹೊಟ್ಟೆ ತುಂಬಾ ತಿಂದಿದ್ದೆ. ನರಸಾಪುರ ಹತ್ತಿರ ಬಂದಾಗ ಏಳೂವರೆ ಇರಬಹುದು, ಒಳ್ಳೇ ಬಿಸಿಲು. ಹಿಂದೆ ಖಾಲಿ ಕ್ರೇಟುಗಳು ಧಡಧಡ ಅಂದಿದ್ದು ಕೇಳಿ ಕಣ್ಣು ಬಿಟ್ಟೆ. ಗಾಡಿ ರಸ್ತೆ ಬಿಟ್ಟು ಮಣ್ಣಿಗಿಳಿದಿತ್ತು. ನಿಂತಾಗ ಮುಂದೆ ಎಂಟು ಹತ್ತು ಅಡಿ ದೂರದಲ್ಲಿ ಒಬ್ಬ ಅಜ್ಜಿ ಗೋಣಿತಾಟು ಹಾಸಿ ಸೀಬೆಹಣ್ಣು ಜೋಡಿಸ್ತಿದ್ರು.

"ಏನಪ್ಪಾ, ಬ್ರೇಕು ಹೋಯ್ತಾ?" ಅಂದ್ರು.

"ಹೂಂ ಅಜ್ಜೀ" ಅಂದೆ. ನಿದ್ದೆ ಹೋಗಿದ್ದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಮನೇಲೂ ಹೇಳಲಿಲ್ಲ, ತುಂಬಾ ದಿನ. ಪತ್ರಿಕೆಯಲ್ಲಿ "ಚಾಲಕನ ನಿಯಂತ್ರಣ ತಪ್ಪಿ" ಅಂತ ಓದಿದಾಗೆಲ್ಲ, ಅದರಲ್ಲಿ ಎಷ್ಟು ನನ್ನ ಹೂಂ ಥರದ್ದಿರಬಹುದು ಅನ್ನಿಸುತ್ತೆ.

ಆವತ್ತು ನನಗೆ ಸುಸ್ತಾಗಿದೆ ಅಂತ ಗೊತ್ತಿತ್ತಾ? ಗೊತ್ತಿರಲಿಲ್ಲ. ಇದೇ ಇದರ ಕೆಟ್ಟ ಗುಣ. 2003ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಲು ಬಿಟ್ಟವರ ಚುರುಕು, ಪೂರಾ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದ್ರೆ ಅವರನ್ನ ಕೇಳಿದ್ರೆ ಸ್ವಲ್ಪ ನಿದ್ದೆ ಬರ್ತಿದೆ ಅಷ್ಟೇ ಅಂದ್ರು. ಕೊಯ್ಲು ಕಾಲದಲ್ಲಿ ನಮಗೆ ಆರು ಗಂಟೆ ಸಿಕ್ರೆ ಪುಣ್ಯ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸ್ 2000 ರೂಪಾಯಿ ದಾಟಿದಾಗ ರಾತ್ರಿ ತೋಟ ಕಾಯ್ದವರೇ ಬೆಳಗಿನ ಜಾವ ಲೋಡೂ ಹೊಡೆದ್ರು. ನಾನು ಆರಾಮಾಗಿದ್ದೀನಿ ಅಂತ ರಾತ್ರಿ 3ಕ್ಕೆ ನಿಮ್ಮ ಮನಸ್ಸು ಹೇಳೋದನ್ನ ನಂಬಬೇಡಿ. ನಂಬಬೇಕಾದ್ದು ಗಡಿಯಾರವನ್ನ: ಎದ್ದು ಎಷ್ಟು ಗಂಟೆ ಆಯ್ತು, ಹೋದ ಮೂರು ದಿನ ಎಷ್ಟು ಮಲಗಿದೆ. ಎರಡು ಕಿಲೋಮೀಟರ್ ಹಿಂದಿನ ದಾರಿ ನೆನಪಿಗೆ ಬರ್ತಿಲ್ಲ, ಗೇರ್ ತಪ್ಪು ಬೀಳ್ತಿದೆ, ಪದೇ ಪದೇ ಆಕಳಿಕೆ, ಗಾಡಿ ಬಿಳಿ ಗೆರೆ ಮೇಲೆ ಹೋಗ್ತಿದೆ ಅಂದ್ರೆ ಆಗಲೇ ತಡ ಆಗಿದೆ.

ನಿದ್ದೆ ಓಡಿಸೋಕೆ ನಾವು ಮಾಡೋದೆಲ್ಲ ನಿಮಗೆ ಗೊತ್ತೇ ಇದೆ. ಜೋರಾಗಿ ಹಾಡು, ಕಿಟಕಿ ಗಾಳಿ, ಮುಖಕ್ಕೆ ನೀರು, ಗುಟ್ಕಾ, ಫೋನಲ್ಲಿ ಗೆಳೆಯನ ಜೊತೆ ಮಾತು. ಇವು ಐದು ಹತ್ತು ನಿಮಿಷಕ್ಕೆ ಅಷ್ಟೇ. ಫೋನ್ ಅಂತೂ ಇನ್ನೊಂದು ಅಪಾಯ. ಕೆಲಸ ಮಾಡೋದು ನಿದ್ದೆ ಒಂದೇ, ಅದೂ ಅಳತೆಯಲ್ಲಿ. ಬೆಳಕು, ಜನ ಇರೋ ಪೆಟ್ರೋಲ್ ಬಂಕ್‌ಗೆ ಗಾಡಿ ಹಾಕಿ. ರಸ್ತೆ ಪಕ್ಕ ಕತ್ತಲಲ್ಲಿ ನಿಲ್ಲಿಸಿದ್ರೆ ಹಿಂದಿನಿಂದ ಬರೋ ಇನ್ನೊಬ್ಬ ನಿದ್ದೆಗಣ್ಣಿನವನು ಬಂದು ಗುದ್ದಬಹುದು. ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದು ತಕ್ಷಣ ಮಲಗಿ, ಮೊಬೈಲ್‌ನಲ್ಲಿ 20 ನಿಮಿಷಕ್ಕೆ ಅಲಾರಾಂ ಇಡಿ. ಕಾಫಿ ಮೈಗೆ ಹತ್ತೋಕೆ ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಸೇರಿ ಸಹಾಯ ಮಾಡ್ತವೆ. ಎದ್ದ ತಕ್ಷಣ ಹೊರಡಬೇಡಿ. ಗಾಡಿ ಸುತ್ತ ನಡೆದು ಹಗ್ಗ, ಟೈರು ನೋಡಿ, ಹತ್ತು ನಿಮಿಷ ಬಿಟ್ಟು ಹೊರಡಿ. ಮಲಗುವಾಗ ಇಂಜಿನ್ ಆಫ್ ಆಗಿರಲಿ, ಕಿಟಕಿ ಸ್ವಲ್ಪ ತೆರೆದಿರಲಿ. ಇಂಜಿನ್ ಓಡ್ತಾ ಇದ್ರೆ ಹೊಗೆಯ ವಿಷ ಕ್ಯಾಬಿನ್ ಒಳಗೆ ಬರಬಹುದು. ಈ 20 ನಿಮಿಷ ದಾರಿ ದಾಟಿಸೋಕೆ ಮಾತ್ರ, ರಾತ್ರಿ ನಿದ್ದೆಗೆ ಬದಲಿ ಆಗಲ್ಲ.

ನೆಗಡಿ, ಅಲರ್ಜಿಗೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಳ್ಳೋ ಸಿಟ್ರಿಜಿನ್ ಥರದ ಮಾತ್ರೆಗಳಲ್ಲಿ ಹಲವು ಮಂಪರು ತರಿಸ್ತವೆ. ಲೋಡ್ ಇರೋ ದಿನ ಮಂಪರು ಬರದ ಮಾತ್ರೆ ಬೇಕು ಅಂತ ಕೇಳಿ. ಇನ್ನೊಂದು ವಿಷಯ ನಮ್ಮ ರೈತರಿಗೇ ಸೇರಿದ್ದು: ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ ಗುಂಪಿನ ಔಷಧಿ ಹೊಡೆದ ದಿನ ತಲೆನೋವು, ತಲೆಸುತ್ತು, ಕಣ್ಣು ಮಂಜು ಬಂದ್ರೆ ಅದು ಬರೀ ಸುಸ್ತಲ್ಲ, ವಿಷ ಮೈಗೆ ಹತ್ತಿರೋ ಲಕ್ಷಣ. ಕಣ್ಣಿನ ಪಾಪೆ ಕಿರಿದಾಗಿ ರಾತ್ರಿ ಸರಿಯಾಗಿ ಕಾಣಲ್ಲ. ಆವತ್ತು ಹೋಗಬೇಕಾದ್ದು ಆಸ್ಪತ್ರೆಗೆ. (ನಾನು ಸಾವಯವದವನು, ಹೊಡೀಲೇಬೇಡಿ ಅಂತೀನಿ, ಅದು ಬೇರೆ ಮಾತು.)

ಆದ್ರೆ ನಿಜವಾದ ತೀರ್ಮಾನ ರಾತ್ರಿ 3ಕ್ಕೆ ಬಂಕ್‌ನಲ್ಲಿ ಮಾಡೋದಲ್ಲ, ಕೊಯ್ಲಿನ ಹಿಂದಿನ ದಿನವೇ ಮನೇಲಿ ಆಗಬೇಕು. ನರಸಾಪುರದ ಆ ಬೆಳಗಿನ ನಂತರ ನಾವು ನಾಲ್ಕು ಮನೆಯವರು ಒಂದು ಒಪ್ಪಂದಕ್ಕೆ ಬಂದ್ವಿ. ನಾಳೆ ರಾತ್ರಿ ಓಡಿಸೋನು ಯಾರು ಅಂತ ಇವತ್ತೇ ಗೊತ್ತಿರಬೇಕು. ಅವನು ಕೊಯ್ಲಿಗೆ ಬಂದ್ರೂ ಮಧ್ಯಾಹ್ನ ಊಟಕ್ಕೆ ಕೈ ತೊಳೆದ ಮೇಲೆ ತೋಟಕ್ಕೆ ಇಳಿಯೋ ಹಾಗಿಲ್ಲ. ಆರಿಸೋದು, ಮೂಟೆ, ಲೋಡು ಉಳಿದವರದ್ದು. ಸಂಜೆ 6ರಿಂದ 12ರವರೆಗೆ ಅವನು ಮಲಗಬೇಕು, ಫೋನ್ ಇನ್ನೊಂದು ಕೋಣೆಯಲ್ಲಿ. ರೀಲ್ಸ್ ನೋಡ್ತಾ ಮಲಗಿದ್ರೆ ಅದು ಮಲಗಿದ ಲೆಕ್ಕ ಅಲ್ಲ. ಅವನ ಬೋರ್‌ವೆಲ್ ಮೋಟಾರು ಆವತ್ತು ಮೊಬೈಲ್ ಸ್ಟಾರ್ಟರ್‌ನಿಂದ ಇನ್ನೊಬ್ಬರು ನೋಡ್ಕೋತಾರೆ. ಮೊದಮೊದಲು ನಮ್ಮ ಚಿಕ್ಕಪ್ಪ, "ಎಲ್ಲರೂ ದುಡೀತಿರುವಾಗ ನೀನು ಹೆಂಗಪ್ಪಾ ಮಲಗ್ತೀಯ" ಅಂತಿದ್ರು. ಈಗ ಅವರೇ ಡ್ರೈವರ್ ಮಲಗಿದಾನೆ ಅಂತ ಮಕ್ಕಳನ್ನ ಗದರ್ತಾರೆ.

ಒಂಟಿಯಾಗಿರೋರಿಗೆ ಇನ್ನೊಂದು ದಾರಿ ಇದೆ. ಕುಂಬಳ, ಆಲೂಗಡ್ಡೆ, ಶುಂಠಿ ಥರದ ಬಾಡದ ಮಾಲಾದ್ರೆ ರಾತ್ರಿ 9ಕ್ಕೇ ಹೊರಟು, ಊರ ಹೊರಗಿನ ಬಂಕ್‌ನಲ್ಲಿ ಮೂರ್ನಾಲ್ಕು ಗಂಟೆ ಮಲಗಿ, ಆಮೇಲೆ ಸಿಟಿಗೆ ಇಳೀರಿ. ಸೊಪ್ಪು ತರಕಾರಿಗೆ ಇದು ಆಗಲ್ಲ. ಅಂಥ ದಿನ ಡ್ರೈವರ್‌ಗೆ ಕೂಲಿ ಕೊಟ್ಟು ಕರೆದುಕೊಳ್ಳಿ. ಹಾಗೆ ಬರೋನೂ ಹಗಲೆಲ್ಲ ಇನ್ನೊಂದು ಟ್ರಿಪ್ ಹೊಡೆದು ಬಂದಿಲ್ಲ ತಾನೇ ಅಂತ ಕೇಳಿ. ಡ್ರೈವರ್ ಕೆಲಸಕ್ಕೆ ದಿನಕ್ಕೆ 8 ಗಂಟೆ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಅಂತ ನಮ್ಮ ದೇಶದ ಕಾನೂನು 1961ರಲ್ಲೇ ಹೇಳಿತ್ತು. ಅದು ಐದು ಜನಕ್ಕಿಂತ ಕಮ್ಮಿ ಇರೋ ಸಣ್ಣ ಮಾಲೀಕರಿಗೆ ತಾನಾಗೇ ಅನ್ವಯಿಸ್ತಿರಲಿಲ್ಲ ನಿಜ, ಆದ್ರೂ ಅಳತೆಗೋಲಾಗಿ ಇಟ್ಕೊಳ್ಳೋಕೆ ಚೆನ್ನಾಗಿದೆ.

ಲೋಡಿನ ಮೇಲೆ ಜನ ಕೂರಿಸೋದನ್ನ ಮಾತ್ರ ಬಿಟ್ಟುಬಿಡಿ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ವ್ಯಾಪಾರಿಗಳನ್ನ ಹೊತ್ತು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ, ಅರಬೈಲ್ ಘಟ್ಟದ ಕಡೆ, ಕಂದಕಕ್ಕೆ ಉರುಳಿ ಹತ್ತು ಜನ ತೀರಿಹೋದ್ರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋಗಿ ಹೀಗಾಯ್ತು ಅಂತ ವರದಿಯಾಗಿತ್ತು, ಚಾಲಕನಿಗೆ ನಿದ್ದೆ ಬಂದಿತ್ತು ಅಂತ ನಾನು ಹೇಳ್ತಿಲ್ಲ. ಆ ಹೊತ್ತು, ಆ ದಾರಿ, ಮಾಲಿನ ಜೊತೆ ಕೂತ ಜನ, ಇವಿಷ್ಟು ನೋಡಿ ಅಂತೀನಿ. ಇನ್ಶೂರೆನ್ಸ್ ಕೂಡ ಮಾಲಿನ ಮಾಲೀಕ ಅಥವಾ ಅವನ ಪ್ರತಿನಿಧಿ ಕ್ಯಾಬಿನ್‌ನಲ್ಲಿದ್ರೆ ಒಂದು ಥರ, ಸುಮ್ಮನೆ ಹತ್ತಿಸಿಕೊಂಡವರಿಗೆ ಇನ್ನೊಂದು ಥರ. ಒಬ್ಬನೇ ಒಬ್ಬ ಜೊತೆಗಾರ ಕ್ಯಾಬಿನ್‌ನಲ್ಲಿರಲಿ, ಅವನೂ ಮಲಗಿ ಬಂದವನಾಗಿರಲಿ. ಪಕ್ಕದಲ್ಲಿ ಗೊರಕೆ ಹೊಡೆಯೋನಿದ್ರೆ ನಿಮ್ಮ ಕಣ್ಣೂ ಬೇಗ ಎಳೆಯುತ್ತೆ.

ನಾನು ಹೀಗೆ ಬಂಕ್‌ನಲ್ಲಿ ಮಲಗಿ ತಡ ಆದ ಒಂದು ಸಲ ಮಂಡಿಗೆ ತಲುಪಿದ್ದು ಐದೂವರೆಗೆ. ಬೀನ್ಸ್‌ಗೆ ಕೆಜಿಗೆ 4 ರೂಪಾಯಿ ಕಮ್ಮಿ ಸಿಕ್ತು, 600 ಕೆಜಿಗೆ 2400 ರೂಪಾಯಿ. ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ವಾಪಸ್ ಬರುವಾಗ ಹೊಸಕೋಟೆಯಲ್ಲಿ ಎರಡು ಇಡ್ಲಿ ತಿಂದು, ಒಂದು ಗಂಟೆ ಮಲಗಿ, ಹತ್ತೂವರೆಗೆ ಮನೆ ಸೇರಿದೆ. ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಎರಡು ನಂಬರ್ ಬರೆದು ಅಂಟಿಸಿದ್ದೀನಿ, ನೀವೂ ಬರ್ಕೊಳ್ಳಿ: ರಾಷ್ಟ್ರೀಯ ಹೆದ್ದಾರಿ ಸಹಾಯಕ್ಕೆ 1033, ಆಂಬುಲೆನ್ಸ್‌ಗೆ 108.