ದಿನ ತುಂಬದ ಕೂಸಿನ ಕಣ್ಣು



ಏಳೆಂಟು ತಿಂಗಳಿಗೇ ಹುಟ್ಟಿದ ಕೂಸನ್ನು ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಮ್ಲಜನಕ ಕೊಡುವುದನ್ನು ನೀವು ಕಂಡಿರಬಹುದು. ಅದು ಬದುಕಿ, ತೂಕ ಹೆಚ್ಚಿ ಮನೆಗೆ ಬಂದರೆ ಗಂಡಾಂತರ ಕಳೆಯಿತೆಂದು ಎಲ್ಲರೂ ಸಮಾಧಾನಪಡುತ್ತಾರೆ. ಕಣ್ಣಿನ ಗಂಡಾಂತರ ಮಾತ್ರ ಸಾಮಾನ್ಯವಾಗಿ ತಲೆಯೆತ್ತುವುದು ಆ ಹೊತ್ತಿಗೇ.

ಕಣ್ಣಿನ ಒಳಪರದೆಯ ರಕ್ತನಾಳಗಳು ಅಂಚು ಮುಟ್ಟುವುದು ಗರ್ಭಕ್ಕೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಬೇಗ ಹುಟ್ಟಿದ ಕೂಸಿನಲ್ಲಿ ಅವು ಇನ್ನೂ ಅರ್ಧದಾರಿಯಲ್ಲಿರುತ್ತವೆ. ಆಮ್ಲಜನಕ ಮಿತಿಮೀರಿದರೆ ಅವುಗಳ ಬೆಳವಣಿಗೆ ನಿಲ್ಲುತ್ತದೆ. ಕೆಲವು ವಾರಗಳ ಮೇಲೆ, ರಕ್ತ ಸಾಲದ ಪರದೆಯಲ್ಲಿ ಹೊಸ ನಾಳಗಳು ಅಡ್ಡಾದಿಡ್ಡಿಯಾಗಿ ಹುಟ್ಟುತ್ತವೆ. ಅವು ಒಡೆದು, ಕಲೆಗಟ್ಟಿ, ಕೊನೆಗೆ ಪರದೆಯನ್ನೇ ಎಳೆದು ಕಳಚಿಬಿಡಬಹುದು. ವೈದ್ಯರು ಇದನ್ನು ಆರ್.ಓ.ಪಿ. ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ; ಪಾಪೆ ಬೆಳ್ಳಗಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಹಾಗಾದರೆ ಆಮ್ಲಜನಕವೇ ಬೇಡವೇ? ಹಾಗೆನ್ನಬೇಡಿ. 1951ರಲ್ಲಿ ಮೆಲ್ಬರ್ನ್‌ನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಈ ಕುರುಡಿಗೂ ಹೆಚ್ಚು ಆಮ್ಲಜನಕಕ್ಕೂ ನಂಟಿದೆಯೆಂದು ತೋರಿಸಿದರು. ಆಮೇಲೆ ಆಸ್ಪತ್ರೆಗಳು ಅದನ್ನು ತೀರ ಕಡಿಮೆ ಮಾಡಿದವು. ಕುರುಡು ತಗ್ಗಿತು, ಉಸಿರಿಲ್ಲದೆ ಸಾಯುವ ಶಿಶುಗಳು ಹೆಚ್ಚಿದರು. ಈಗ ಯಂತ್ರದಲ್ಲಿ ಅಳೆಯುತ್ತಾ ರಕ್ತದಲ್ಲಿ ಅದು ಸುಮಾರು ಶೇ. 90ರಿಂದ 95ರೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಆ ಹೊಣೆ ವೈದ್ಯರದು.

ನಿಮ್ಮ ಹೊಣೆ ದಿನದ ಲೆಕ್ಕ. ಹುಟ್ಟಿದಾಗ 2 ಕಿಲೋಗಿಂತ ಕಡಿಮೆ ತೂಗಿದ, ಅಥವಾ 34 ವಾರ ತುಂಬದ ಕೂಸಿನ ಕಣ್ಣಿನ ಪರದೆಯನ್ನು 30 ದಿನದೊಳಗೆ ಪರೀಕ್ಷಿಸಬೇಕು. ತೀರಾ ಚಿಕ್ಕವಾದರೆ ಎರಡು ಮೂರು ವಾರಕ್ಕೇ. ರೋಗ ಬಲಿತಿದ್ದರೆ ಲೇಸರ್ ಚಿಕಿತ್ಸೆ ಎರಡು ಮೂರು ದಿನದೊಳಗೆ ಆಗಬೇಕು.

ತೊಡಕಾಗುವುದು ಬಾಣಂತನದಲ್ಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಬಾಣಂತಿ ತವರಿನಲ್ಲಿ, ಆಸ್ಪತ್ರೆಯ ಚೀಟಿ ಗಂಡನ ಮನೆಯಲ್ಲಿ! ಹೆರಿಗೆಯಾದದ್ದು ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಆಗಿದ್ದರೆ ಮತ್ತೆ ಅಷ್ಟು ದೂರ ಯಾಕೆ ಎನ್ನುತ್ತಾರೆ. ಥಂಡಿ ತಾಕೀತೆಂದು ಅಜ್ಜಿ ಹೊಸ್ತಿಲು ದಾಟಿಸುವುದಿಲ್ಲ. ಆ ಮೂವತ್ತು ದಿನ ಹೀಗೇ ಕಳೆದುಹೋಗುತ್ತವೆ.

ಈ ದೂರವನ್ನು ತಗ್ಗಿಸಲೆಂದೇ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಸಂಗಡಿಗರು 2008ರಲ್ಲಿ 'ಕಿಡ್‌ರಾಪ್' ಆರಂಭಿಸಿದರು. ತರಬೇತಾದ ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೆ ಕ್ಯಾಮೆರಾ ಒಯ್ದು ಕಣ್ಣಿನ ಚಿತ್ರ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ನೋಡಿ ತಿಳಿಸುತ್ತಾರೆ.

ಆಸ್ಪತ್ರೆ ಬಿಡುವಾಗ "ಕಣ್ಣಿನ ಪರದೆ ನೋಡಿದಿರಾ? ಮತ್ತೆ ಯಾವ ದಿನ ಬರಲಿ?" ಎಂದು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ಒಂದು ಸಲ ನೋಡಿದರೆ ಸಾಲದು. ಪರದೆ ಪೂರ್ತಿ ಬೆಳೆದಿದೆಯೆಂದು ವೈದ್ಯರು ಹೇಳುವವರೆಗೂ ಹೋಗಬೇಕು. ಪರೀಕ್ಷೆಯಲ್ಲಿ ಹನಿ ಹಾಕಿ ರೆಪ್ಪೆ ಅಗಲಿಸುವಾಗ ಕೂಸು ಅಳುತ್ತದೆ, ಅಂಜಬೇಡಿ. ಅಜ್ಜಿಯನ್ನೂ ಜೊತೆಗೆ ಕರೆದುಕೊಳ್ಳಿ. ಕುಂಚಿಗೆ ಹಾಕಿ, ಬೆಚ್ಚಗೆ ಎದೆಗವಚಿಕೊಂಡು ಹೋದರೆ ಕೂಸಿಗೆ ಥಂಡಿ ತಾಕುವುದಿಲ್ಲ.