ಮಕ್ಕಳಿಗೆ ಮಾದಪ್ಪನ ಕಥೆ ಹೇಳಿ

77 ಮಲೆಯ ಒಡೆಯ ಮಲೆ ಮಹದೇಶ್ವರನ ಕಥೆ ಉಳಿದು ಬಂದದ್ದು ಬಾಯಿಂದ ಕಿವಿಗೆ. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುತ್ತಿದ್ದರು. ಮಕ್ಕಳು ಅಜ್ಜಿಯ ಮಡಿಲಲ್ಲಿ ಕೂತು ಕೇಳುತ್ತಿದ್ದವು. ಸಂಕಮ್ಮನ ಕಷ್ಟಕ್ಕೆ ಅಳುತ್ತಿದ್ದವು, ಬೇವಿನಹಟ್ಟಿ ಕಾಳಮ್ಮನ ಸೊಕ್ಕು ಮುರಿದಾಗ ನಗುತ್ತಿದ್ದವು. ಹಸಿದು ಬಂದವರಿಗೆ ಇಲ್ಲ ಅನ್ನಬಾರದು ಎಂಬ ಬುದ್ಧಿ ಹಾಗೇ ಮನಸ್ಸಿಗೆ ಇಳಿಯುತ್ತಿತ್ತು.

ಈಗ ಮನೆಯಲ್ಲಿ ಟಿ.ವಿ., ಮಕ್ಕಳ ಕೈಯಲ್ಲಿ ಮೊಬೈಲು. ಊಟ ಮಾಡಿಸಲು ಅದನ್ನು ಕೊಟ್ಟವರು ತಂದೆ ತಾಯಿಯರೇ. ಆಮೇಲೆ ಕಿತ್ತುಕೊಂಡು ಬೈದರೆ ಮಗು ಹಠ ಕಲಿಯುತ್ತದೆ, ಭಕ್ತಿ ಅಲ್ಲ. ಅಪ್ಪ ಮೊಬೈಲು ನೋಡುತ್ತಾ ಕೈ ಮುಗಿದರೆ ಮಗನೂ ಹಾಗೇ ಮುಗಿಯುತ್ತಾನೆ.

ಆದ್ದರಿಂದ ಬೆಟ್ಟಕ್ಕೆ ಬರುವ ದಾರಿಯಲ್ಲಿ ದೊಡ್ಡವರು ಮೊದಲು ತಮ್ಮ ಮೊಬೈಲು ಚೀಲಕ್ಕೆ ಹಾಕಲಿ, ಒಂದು ಕಥೆ ಹೇಳಲಿ. ಊರಿಗೆ ಹೋದ ಮೇಲೂ ಸಂಜೆ ದೀಪ ಹಚ್ಚಿ, ಅರ್ಧ ಗಂಟೆ ಟಿ.ವಿ. ಆರಿಸಿ ಮಕ್ಕಳ ಜೊತೆ ಕೂರಲಿ. ಕಥೆ ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಲಿ. ಕೇಳುವವರಿಲ್ಲ ಅಂತ ಸುಮ್ಮನೆ ಕೂತ ಅಜ್ಜಿ ತಾತ ಎಷ್ಟೋ ಮನೆಗಳಲ್ಲಿ ಇದ್ದಾರೆ. ಅವರ ಜೊತೆಗೇ ಕಥೆಯೂ ಹೋದರೆ ಮತ್ತೆ ಸಿಗದು.

ಮಾದಪ್ಪ ಎಲ್ಲರ ಮಕ್ಕಳನ್ನೂ ಕಾಪಾಡಲಿ. ಉಘೇ ಮಾದಪ್ಪ!