ಇಂದಿನ ಧಮ್ಮ ಚಿಂತನೆ: ಏಳು ಸತ್ತಿರಲಿಲ್ಲ

 

ಡೋಣಿಯಲ್ಲಿ ಮೋಟಾರ್ ಸುತ್ತುವುದು ನನ್ನ ಕೆಲಸ. ತಾಮ್ರದ ತಂತಿ, ಬೇರಿಂಗ್ ತರಲು ಗದಗಕ್ಕೆ ಹೋದಾಗಲೆಲ್ಲ ಗುಜರಿ ಅಂಗಡಿ ಹೊಕ್ಕು ಬರುವುದು ನನ್ನ ಚಟ. ಹೋದ ತಿಂಗಳು ಅಲ್ಲಿ ಯಾವುದೋ ಲ್ಯಾಬಿನಿಂದ ಬಂದ ಹಳೆಯ ಅಳತೆಯ ಯಂತ್ರ ಸಿಕ್ಕಿತು. ಕಬ್ಬಿಣದ ತೂಕದ ಲೆಕ್ಕದಲ್ಲೇ ಕೊಟ್ಟರು. ಬಿಚ್ಚಿದರೆ ಒಳಗೆ ನಾಲ್ಕು ನಿಕ್ಸಿ ಟ್ಯೂಬುಗಳು. ನಮ್ಮ ಅಧ್ಯಯನದ ಕೋಣೆಗೆ ಒಂದು ಗಡಿಯಾರ ಆಯಿತು ಎಂದುಕೊಂಡೆ.

ನಿಕ್ಸಿ ಎಂದರೆ ಗಾಬರಿ ಬೇಡ. ನಿಮ್ಮ ಮನೆಯ ಟೆಸ್ಟರಿನೊಳಗೆ ಕರೆಂಟ್ ಇದ್ದಾಗ ಮಿಣಕ್ ಎನ್ನುವ ಪುಟ್ಟ ದೀಪ ಇದೆಯಲ್ಲ, ಅದರ ದೊಡ್ಡಣ್ಣ ಇದು. ಎರಡರಲ್ಲೂ ಇರುವುದು ನಿಯಾನ್ ಅನಿಲ. 1898ರಲ್ಲಿ ಲಂಡನ್ನಿನಲ್ಲಿ ರ್‍ಯಾಮ್ಸೆ ಮತ್ತು ಟ್ರಾವರ್ಸ್ ಅದನ್ನು ಕಂಡುಹಿಡಿದು, ಗ್ರೀಕ್ ಭಾಷೆಯಲ್ಲಿ 'ಹೊಸದು' ಎಂಬ ಅರ್ಥದ ಹೆಸರಿಟ್ಟರು. (ನವಯಾನದವರಾದ ನಮಗೆ ಹತ್ತಿರದ ಹೆಸರೇ ಆಯಿತು.) 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಈ ಟ್ಯೂಬನ್ನು ಮಾರುಕಟ್ಟೆಗೆ ತಂದಿತು. 1970ರ ದಶಕದಲ್ಲಿ ಎಲ್‌ಇಡಿ ಬಂದು ಇದನ್ನು ಮೂಲೆಗೆ ತಳ್ಳಿತು.

ಒಂದೇ ಗಾಜಿನ ಬುರುಡೆಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳು, ತೆಳು ಲೋಹದಲ್ಲಿ ಮಾಡಿ ಒಂದರ ಹಿಂದೊಂದು ನಿಲ್ಲಿಸಿರುತ್ತಾರೆ. ಸುಮಾರು 170 ವೋಲ್ಟ್ ಕೊಟ್ಟು ಯಾವ ಅಂಕಿಗೆ ತಂತಿ ಸೇರಿಸುತ್ತೀರೋ ಅದರ ಮೈಸುತ್ತ ಕಿತ್ತಳೆ ಬೆಳಕು. ಹತ್ತಕ್ಕೂ ಲೋಹ ಒಂದೇ, ಅನಿಲ ಒಂದೇ.

ಮೂರು ಟ್ಯೂಬು ಚೆನ್ನಾಗಿ ಹತ್ತಿದವು. ಯಂತ್ರದಲ್ಲಿ ಎಲ್ಲಕ್ಕಿಂತ ಎಡಕ್ಕಿದ್ದ ನಾಲ್ಕನೆಯದರಲ್ಲಿ ಸೊನ್ನೆ ಮಾತ್ರ ಝಗಮಗ. ಏಳು ಬಾಲದಲ್ಲಿ ಚೂರು ಹೊಳೆದು ಸುಮ್ಮನಾಯಿತು. ಜೊತೆಗಿದ್ದ ಗೆಳೆಯ, "ಏಳು ಸತ್ತೈತಿ ಬಿಡಪಾ. ಆ ಟ್ಯೂಬನ್ನ ಗಡಿಯಾರದ ಮೊದಲನೇ ಮನಿಗೆ ಹಾಕು. ಅಲ್ಲಿ ಬರೋದು ಸೊನ್ನೆ, ಒಂದು, ಎರಡು ಅಷ್ಟ. ಏಳು ಬೇಕಾಗೂದ ಇಲ್ಲ, ಯಾರಿಗೂ ಗೊತ್ತಾಗೂದಿಲ್ಲ" ಎಂದ.

ಜಾಣತನದ ಸಲಹೆ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಓದಿದ ಶಾಲೆಯಲ್ಲಿ ಗಟ್ಟಿಯಾಗಿ ಪಾಠ ಓದುವ ಸರದಿ ನಮ್ಮ ಸಾಲಿಗೆ ಬರುವ ಮೊದಲೇ ಮುಗಿದುಹೋಗುತ್ತಿತ್ತು. ಅಂಗಳ ಗುಡಿಸುವಾಗ ಮಾತ್ರ ನಮ್ಮ ಹೆಸರು ಮೊದಲು. ಹಾಗೆ ಕೂಡಿಸಿದ್ದರಿಂದ ಶಾಲೆಗೇನೂ ಅಡ್ಡಿಯಾಗಲಿಲ್ಲ. ಇವತ್ತಿಗೂ ನಾಲ್ಕು ಜನರ ಮುಂದೆ ಪುಸ್ತಕ ಹಿಡಿದರೆ ನನ್ನ ನಾಲಿಗೆ ತಡವರಿಸುತ್ತದೆ.

ಏಳು ಮಂಕಾದ ಕಾರಣ ಸರಳ. ಟ್ಯೂಬಿನಲ್ಲಿ ಉರಿಯುವ ಅಂಕಿಯಿಂದ ಲೋಹದ ಕಣಗಳು ಸಿಡಿಯುತ್ತಲೇ ಇರುತ್ತವೆ. ಅದನ್ನು ಕಡಿಮೆ ಮಾಡಲೆಂದೇ ಎಷ್ಟೋ ಟ್ಯೂಬುಗಳಲ್ಲಿ ಒಂದಿಷ್ಟು ಪಾದರಸ ಸೇರಿಸುತ್ತಿದ್ದರು. ಆದರೂ ಕಣಗಳು ಸಿಡಿದು, ಉರಿಯದೆ ನಿಂತ ಅಂಕಿಗಳ ಮೈಮೇಲೆ ಕೂರುತ್ತವೆ. ದಿನವೂ ಉರಿಯುವ ಅಂಕಿ ತನ್ನ ಮೈಯನ್ನು ತಾನೇ ತೊಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಸೊನ್ನೆಯನ್ನೇ ತೋರಿಸಿದ ಟ್ಯೂಬಿನಲ್ಲಿ ಏಳಕ್ಕೆ ಸರದಿಯೇ ಬಂದಿರಲಿಲ್ಲ. ಪಕ್ಕದವರ ಬೂದಿ ಅದರ ಮೇಲೆ ಕೂತಿತ್ತು, ಅಷ್ಟೆ. ನಾವು ಪ್ರತೀತ್ಯ ಸಮುತ್ಪಾದ ಎಂದು ಓದುತ್ತೇವಲ್ಲ, ಕಾರಣ ಇದ್ದರೆ ಫಲ, ಕಾರಣ ತೆಗೆದರೆ ಫಲವೂ ಇಲ್ಲ ಎಂದು, ಅದು ನನಗೆ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಮಂಕು ಏಳರ ಹುಟ್ಟುಗುಣವಲ್ಲ. ನಮ್ಮ ಪಕ್ಕದ ಡಂಬಳದಲ್ಲಿ ತಾರಾದೇವಿಯ ಬೌದ್ಧ ವಿಹಾರದ ವಿಷಯ ಹೇಳುವ 1095ರ ಶಾಸನವಿದೆ. ಈ ನೆಲದಲ್ಲಿ ಧಮ್ಮ ಎಂದೂ ಇರಲೇ ಇಲ್ಲ ಎನ್ನುವವರಿಗೆ ನಾನು ಇನ್ನು ಮುಂದೆ ಈ ಟ್ಯೂಬನ್ನೂ ತೋರಿಸುತ್ತೇನೆ.

ಮದ್ದೂ ಸರಳ, ಆದರೆ ತಾಳ್ಮೆ ಬೇಕು. ಏಳಕ್ಕೊಂದಕ್ಕೇ ತಂತಿ ಕೊಟ್ಟು, ರೆಸಿಸ್ಟರ್ ಸ್ವಲ್ಪ ಇಳಿಸಿ, ಮಾಮೂಲಿಗಿಂತ ಹೆಚ್ಚು ಕರೆಂಟ್ ಹರಿಸಬೇಕು. ರೆಸಿಸ್ಟರನ್ನೇ ತೆಗೆದುಬಿಟ್ಟರೆ ಟ್ಯೂಬು ಹಾಳಾಗುತ್ತದೆ, ಏಕೆಂದರೆ ಒಮ್ಮೆ ಹತ್ತಿದ ನಿಯಾನ್ ತಾನಾಗಿ ಕರೆಂಟಿಗೆ ಮಿತಿ ಹಾಕುವುದಿಲ್ಲ. (ಮಾಡಿ ನೋಡುವ ಹುಡುಗರೇ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಖಾಲಿ ಮಾಡದೆ ಕೈ ಹಾಕಬೇಡಿ.) ಮೊದಲ ರಾತ್ರಿ ಏನೂ ಆಗಲಿಲ್ಲ. ಎರಡನೇ ರಾತ್ರಿ ಬೆಳಕು ಬಾಲದಿಂದ ಸೊಂಟಕ್ಕೆ ಏರಿತು. ಮೂರನೇ ಬೆಳಗ್ಗೆ ಇಡೀ ಏಳು ನಿಂತಿತ್ತು, ಎಡಗಡೆಯ ಮೂಲೆ ಮಾತ್ರ ಸ್ವಲ್ಪ ಮಸುಕು.

ಅದನ್ನು ಮೊದಲ ಮನೆಗೆ ಹಾಕಲಿಲ್ಲ, ನಿಮಿಷದ ಕೊನೆಯ ಮನೆಗೆ ಹಾಕಿದೆ. ಅಲ್ಲಿ ಹತ್ತು ನಿಮಿಷಕ್ಕೊಮ್ಮೆ ಏಳು ಬರಲೇಬೇಕು. ಉಳಿದ ಟ್ಯೂಬುಗಳಿಗೂ ರಾತ್ರಿ ಸ್ವಲ್ಪ ಹೊತ್ತು ಹತ್ತೂ ಅಂಕಿ ಓಡುವಂತೆ ಮಾಡಿದ್ದೇನೆ.

ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ನಾವು ಈ ವಾರ ಓದುತ್ತಿರುವುದು ಕ್ಷೌರಿಕ ಉಪಾಲಿಯ ಪ್ರಸಂಗ. ಶಾಕ್ಯ ಕುಮಾರರು ತಮಗಿಂತ ಮೊದಲು ಉಪಾಲಿಗೆ ದೀಕ್ಷೆ ಕೊಡಿರೆಂದು ಕೇಳಿಕೊಂಡರು, ಆತನಿಗೆ ತಾವು ನಮಸ್ಕರಿಸಬೇಕಾಗಿ ಬರಲಿ ಎಂದು. ಭಗವಾನರು ಹಾಗೇ ಮಾಡಿದರು. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ಇಡೀ ಸಂಘದ ಎದುರು ವಿನಯವನ್ನು ಹೇಳಿದವರು ಇದೇ ಉಪಾಲಿ.

ಮೊನ್ನೆ ಆ ಪುಟ ಓದಲು ನಾನೇ ಪುಸ್ತಕ ಎತ್ತಿಕೊಂಡಿದ್ದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಎರಡು ವರ್ಷದಿಂದ ಬರುತ್ತಾಳೆ, ಒಮ್ಮೆಯೂ ಓದಿಲ್ಲ. "ನಂಗ ಬರೂದಿಲ್ಲ ಅಣ್ಣಾ" ಎನ್ನುತ್ತಾಳೆ, ನಾವೂ ಸರಿ ಎಂದು ಬಿಟ್ಟುಬಿಡುತ್ತೇವೆ. ಆಕೆಯನ್ನು ಮೊದಲ ಮನೆಗೆ ಹಾಕಿದವರು ನಾವೇ. ಪುಸ್ತಕ ಅವಳ ಕೈಗೆ ಕೊಟ್ಟೆ. ಒಂದು ಪುಟಕ್ಕೆ ತುಂಬಾ ಹೊತ್ತು ಹಿಡಿಯಿತು. ಯಾರೂ ತಿದ್ದಲಿಲ್ಲ. ನಡುವೆ ಅವಳು ತಲೆ ಎತ್ತಿದಾಗ ಗೋಡೆಯ ಮೇಲೆ 20:07.

ಇಂದು ಸಂಜೆ 8ಕ್ಕೆ ಸೇರೋಣ. ಮುಂದಿನ ಭಾಗ ಸುನೀತನದು. ಇಲ್ಲಿಯವರೆಗೆ ಒಮ್ಮೆಯೂ ಓದದವರು ಓದುತ್ತಾರೆ.

ಜೈ ಭೀಮ್.